ಕೆಂಪು ಗೆರೆ ಎಳೆದ ಗಾಳಿ

ಮಧ್ಯಾಹ್ನ ಎರಡು ಗಂಟೆ ಹನ್ನೆರಡು ನಿಮಿಷ. ಎಲ್ಲ ತಪ್ಪಿದ್ದು ಆಗ. ಗಾಳಿ ಬಂದದ್ದು ಮೂರು ಇಪ್ಪತ್ತಕ್ಕೆ, ತೆಪ್ಪ ಕಣ್ಣಿಗೆ ಕಾಣದಂತಾದದ್ದು ಮೂರೂವರೆಗೆ. ಕೇಳಿದವರಿಗೆಲ್ಲ ನಾನು ಬಹಳ ದಿನ ಆ ಎರಡು ಹೊತ್ತನ್ನೇ ಹೇಳುತ್ತಿದ್ದೆ. ಆದರೆ ಅದಕ್ಕೂ ಮುಂಚೆ, ಎರಡು ಹನ್ನೆರಡಕ್ಕೆ, ಸೂಳೆಕೆರೆಯ ಮೂಡಣ ದಂಡೆಯ ಮೇಲೆ ನಿಂತು ಹುರಿದ ಶೇಂಗಾ ಅಗಿಯುತ್ತಾ ನಾನು ಫೋನಿನಲ್ಲಿ ಒಂದು ಸಾಲು ಬರೆದಿದ್ದೆ. ಬರೆಯಲು ಅರ್ಧ ನಿಮಿಷವೂ ಹಿಡಿದಿರಲಿಲ್ಲ.

ಜಗಳೂರಿನ ಕಡೆಯ ಹೈಸ್ಕೂಲಿನಿಂದ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ನಮ್ಮ ವಾಟ್ಸಾಪ್ ಗುಂಪಿನಲ್ಲಿ ಕೇಳಿದ್ದಳು: 'ಮಿಸ್, ಗಾಳಿ 58 ತೋರಿಸ್ತಾ ಐತೆ. ಇದು ನಿಜ ಇರಬಹುದಾ?'

ನಾನು ಬರೆದೆ: 'ಊಟದ ಬಿಡುವಿನಲ್ಲಿ ನಿಮ್ಮೂರಲ್ಲಿ ದಿನಾ ಚಂಡಮಾರುತ! ಹೊಡೆದು ಹಾಕು.' ಕೊನೆಗೆ ನಗುವ ಮುಖವೊಂದನ್ನು ಅಂಟಿಸಿದೆ.

'ಆಯ್ತು ಮಿಸ್' ಎಂದು ಬಂತು.

ಇದು ಅರ್ಥವಾಗಬೇಕಾದರೆ ನಮ್ಮ ಡಬ್ಬಿಗಳ ಕಥೆ ಹೇಳಬೇಕು.

ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ ಎರಡು ವರ್ಷ ಖಾಸಗಿ ಕಾಲೇಜೊಂದರಲ್ಲಿ ಪಾಠ ಹೇಳಿದ ಮೇಲೆ ನನಗೆ ಶಾಲೆ ಮಕ್ಕಳಿಗೆ ಹವಾಮಾನ ಅಳೆಯಲು ಕಲಿಸುವ ಈ ಕೆಲಸ ಸಿಕ್ಕಿತ್ತು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ಈ ನಾಲ್ಕು ತಾಲೂಕುಗಳಲ್ಲಿ ಒಂದೊಂದು ಹೈಸ್ಕೂಲು. ಪ್ರತಿ ಶಾಲೆಯ ಮಾಳಿಗೆಯ ಮೇಲೆ ಒಂದು ಬಿಳಿ ಡಬ್ಬಿ. ಒಳಗೆ ಶಾಖ, ತೇವ, ಗಾಳಿಯ ಒತ್ತಡ ಅಳೆಯುವ ಪುಟ್ಟ ಯಂತ್ರಗಳು. ಮೇಲೆ, ಗಾಳಿ ಗಂಟೆಗೆ ಎಷ್ಟು ಕಿಲೋಮೀಟರ್ ಎಂದು ಅಳೆಯಲು, ಗಿರಗಿರ ತಿರುಗುವ ಮೂರು ಬಟ್ಟಲು. ಹತ್ತು ನಿಮಿಷಕ್ಕೊಮ್ಮೆ ಆ ಡಬ್ಬಿ ತನ್ನ ಅಂಕಿಗಳನ್ನು ಸಿಮ್ ಕಾರ್ಡಿನ ಮೂಲಕ ಕಳಿಸುತ್ತಿತ್ತು. ನಾಲ್ಕು ಊರಿನ ಮಕ್ಕಳೂ ಶಾಲೆಯ ಟ್ಯಾಬ್‌ನಲ್ಲಿ ನಾಲ್ಕೂ ಊರಿನ ಗಾಳಿ, ಬಿಸಿಲು, ಮಳೆಯನ್ನು ಒಟ್ಟಿಗೆ ನೋಡಬಹುದಿತ್ತು. ನೆಟ್‌ವರ್ಕ್ ಹೋದರೆ ಇರಲಿ ಎಂದು ಪ್ರತಿ ಶಾಲೆಯಲ್ಲೂ ಒಂದು ಉದ್ದ ಪುಸ್ತಕ ಇಡಿಸಿದ್ದೆ. ಅದರಲ್ಲಿ ಮಕ್ಕಳು ಶಾಯಿಯಲ್ಲಿ ಅಂಕಿ ಬರೆಯಬೇಕು. ಪೆನ್ಸಿಲ್ ಇಲ್ಲ, ರಬ್ಬರ್ ಇಲ್ಲ. ತಪ್ಪು ಅಂಕಿ ಬಂದರೆ ಕೆಂಪು ಪೆನ್ನಿನಿಂದ ಒಂದೇ ಗೆರೆ.

ಮೊದಲ ತಿಂಗಳುಗಳು ಕನಸಿನ ಹಾಗೆ ಕಳೆದವು. ಹೊಳೆ ದಂಡೆಯ ಹೊನ್ನಾಳಿ ಮಕ್ಕಳು ಮಂಜು ಎಷ್ಟು ಹೊತ್ತಿಗೆ ಏಳುತ್ತದೆ, ಎಷ್ಟು ಹೊತ್ತಿಗೆ ಕರಗುತ್ತದೆ ಎಂದು ಬರೆಯುತ್ತಿದ್ದರು. ನ್ಯಾಮತಿಯ ಹುಡುಗನೊಬ್ಬ ತನ್ನ ಮನೆಯ ತಗಡಿನ ಮೇಲೆ ಇಬ್ಬನಿ ಬೀಳುವ ದಿನಗಳನ್ನು ಡಬ್ಬಿಯ ತೇವದ ಅಂಕಿಯ ಜೊತೆ ಹೊಂದಿಸಿ, 'ಮಿಸ್, ನಾಳೆ ನಮ್ಮನೆ ತಗಡು ಬೆವರ್ತೈತೆ ನೋಡ್ರಿ' ಎಂದು ಮುಂಚೆಯೇ ಹೇಳಿಬಿಡುತ್ತಿದ್ದ. ಹೇಳಿದ ಹಾಗೇ ಬೆವರುತ್ತಿತ್ತು. ಚನ್ನಗಿರಿಯಲ್ಲಿ ನಾನು ಬಾಡಿಗೆಗಿದ್ದ ಕೋಣೆಯಲ್ಲಿ ಮಲಗಿ ಫೋನಿನಲ್ಲಿ ಆ ನಾಲ್ಕು ಸಾಲು ಅಂಕಿ ನೋಡುತ್ತಿದ್ದರೆ, ಒಂದೇ ಚಾಪೆಯ ಮೇಲೆ ಮಲಗಿದ ನಾಲ್ಕು ಮಕ್ಕಳ ಉಸಿರಾಟ ಕೇಳಿಸಿದಂತಾಗುತ್ತಿತ್ತು. ಒಂದರದ್ದು ಏರುವಾಗ ಇನ್ನೊಂದರದ್ದು ಇಳಿಯುತ್ತಿತ್ತು.

ಜಗಳೂರಿನದು ಮಾತ್ರ ತುಂಟ ಮಗು.

ಅಲ್ಲಿ ಗಾಳಿಗೆ ಬರವಿಲ್ಲ. ಆದರೂ ಒಂಬತ್ತನೇ ತರಗತಿಯ ಹುಡುಗರಿಗೆ ಅದು ಸಾಲಲಿಲ್ಲ. ಬಿಸಿಯೂಟ ಮುಗಿಸಿ ಮಾಳಿಗೆ ಹತ್ತಿ, ಮೆಕ್ಕೆಜೋಳದ ದಂಟಿನಿಂದ ಆ ಮೂರು ಬಟ್ಟಲನ್ನು ಗಿರ್ರನೆ ತಿರುಗಿಸುತ್ತಿದ್ದರು. ಇತ್ತ ಹೊನ್ನಾಳಿಯ ಟ್ಯಾಬ್‌ನಲ್ಲಿ ಜಗಳೂರಿನ ಗೆರೆ ಬೆಟ್ಟದಂತೆ ಏಳುತ್ತಿತ್ತು.

'ಏನ್ರಪ್ಪಾ, ನಿಮ್ಮೂರು ಹಾರಿ ಹೋತಾ?' ಎಂದು ಹೊನ್ನಾಳಿಯವರು ಗುಂಪಿನಲ್ಲಿ ಕೇಳುವರು.

'ನಾವು ಗಟ್ಟಿ ಜನ. ನಿಮ್ಮಂಗೆ ಹೊಳೆ ನೀರು ಕುಡ್ದು ಮೆತ್ತಗಾಗಿಲ್ಲ' ಎಂದು ಇವರು.

'ಕುರಿ ಎಲ್ಲ ಹಾರಿ ನಮ್ಮೂರಿಗೆ ಬಂದಾವೆ, ಬಂದು ಹೊಡ್ಕಂಡು ಹೋಗ್ರೋ!'

ನಗುವಷ್ಟು ನಕ್ಕು, ಆಮೇಲೆ ನಾನು ಒಂದು ನಿಯಮ ಮಾಡಿದೆ. ಊಟದ ಬಿಡುವಿನಲ್ಲಿ ಜಗಳೂರಿನ ಗಾಳಿ ಇದ್ದಕ್ಕಿದ್ದಂತೆ ಜಿಗಿದರೆ ಅದು ಕೈಯಿಂದ ತಿರುಗಿಸಿದ ಗಾಳಿ; ಪುಸ್ತಕದಲ್ಲಿ ಕೆಂಪು ಗೆರೆ, ಕಂಪ್ಯೂಟರಿನಲ್ಲಿ ಡಿಲೀಟ್. ಶುದ್ಧವಾದ ಅಂಕಿಗಳಿದ್ದರೆ ಮಾತ್ರ ವಿಜ್ಞಾನ ಎಂದು ನಾಲ್ಕೂ ಶಾಲೆಯಲ್ಲಿ ಬೋರ್ಡಿನ ಮೇಲೆ ಬರೆದು ಹೇಳಿದ್ದೆ. ಎಷ್ಟು ಚೆನ್ನಾಗಿ ಹೇಳಿದ್ದೆನೆಂದರೆ ಎಲ್ಲರೂ ಕಲಿತುಬಿಟ್ಟರು. ಹೇಳಿದ ನಾನೂ ಕಲಿತುಬಿಟ್ಟಿದ್ದೆ.

ದೀಪಾವಳಿ ಕಳೆದು ಎರಡು ವಾರವಾಗಿತ್ತು. ಚನ್ನಗಿರಿ ತಾಲೂಕಿನ ನಮ್ಮ ಶಾಲೆಗೆ ಸೂಳೆಕೆರೆ ಹತ್ತಿರ. ಕೆರೆಯ ಮೇಲಿನ ನೀರು ಬೆಚ್ಚಗೆ, ತಳದ್ದು ತಣ್ಣಗೆ ಎಂದು ಈಜುವ ಮಕ್ಕಳಿಗೆಲ್ಲ ಗೊತ್ತಿತ್ತು. ಎಷ್ಟು ಆಳದಲ್ಲಿ ಎಷ್ಟು ತಣ್ಣಗೆ ಎಂಬುದನ್ನು ಅಳೆಯುವುದು ಅಂದಿನ ಕೆಲಸ. ಉದ್ದನೆಯ ನೈಲಾನ್ ಹಗ್ಗಕ್ಕೆ ಮೊಳ ಮೊಳದ ಅಂತರದಲ್ಲಿ ಹೆಬ್ಬೆರಳಿನಷ್ಟು ದಪ್ಪದ ಉಕ್ಕಿನ ಕೊಳವೆಗಳನ್ನು ಕಟ್ಟಿದ್ದೆವು. ಪ್ರತಿಯೊಂದರಲ್ಲೂ ಶಾಖ ಅಳೆದು ತನ್ನೊಳಗೇ ನೆನಪಿಟ್ಟುಕೊಳ್ಳುವ ಯಂತ್ರ. ಹಗ್ಗದ ತುದಿಗೆ ಗುಂಡುಕಲ್ಲು. ತೆಪ್ಪದಲ್ಲಿ ನಡುನೀರಿಗೆ ಹೋಗಿ, ಹಗ್ಗ ಇಳಿಬಿಟ್ಟು ಕಾಲು ಗಂಟೆ ಕಾದು, ವಾಪಸು ಬರುವುದು.

ತೆಪ್ಪದಲ್ಲಿ ಮೂವರು. ತೆಪ್ಪ ನಡೆಸುವವರು, ಕೆರೆಯಲ್ಲೇ ಮೀನು ಹಿಡಿದು ಬದುಕಿದ ಐವತ್ತು ದಾಟಿದ ಅಣ್ಣ. ಶಾಲೆಯ ವಿಜ್ಞಾನ ಮೇಷ್ಟ್ರು, ಈಜು ಬಾರದವರು. ಅಳತೆ ಬರೆಯಲು ಒಬ್ಬ ಹುಡುಗಿ. ಕೆರೆ ದಂಡೆಯ ಊರಿನವಳು, ತರಗತಿಯಲ್ಲೆಲ್ಲ ಚೆನ್ನಾಗಿ ಈಜುವವಳು, ಅದಕ್ಕೇ ಅವಳನ್ನು ಆರಿಸಿದ್ದು. ದಂಡೆಯಲ್ಲಿ ನಾನು ಮತ್ತು ಉಳಿದ ಹನ್ನೆರಡು ಮಕ್ಕಳು.

ಮೂವರಿಗೂ ಲೈಫ್ ಜಾಕೆಟ್ ತಂದಿದ್ದೆ. ಅಣ್ಣ ತಮ್ಮದನ್ನು ಮಡಿಸಿ ಅಡಿಗೆ ಹಾಕಿಕೊಂಡು ಕೂತರು.

'ಹಾಕ್ಕೊಳ್ರಿ ಅಣ್ಣಾ' ಎಂದೆ.

'ಕುಂದ್ರಾಕೆ ಬಾಳ ಮೆತ್ತಗೈತೆ ಬಿಡ್ರಿ ಟೀಚರಮ್ಮ. ಈ ಕೆರಿ ನನಗೆ ಗುರುತೈತೆ.'

'ಮಕ್ಳು ನೋಡಿ ಕಲೀತಾರೆ.'

'ಹಂಗಾರೆ ಈ ಮೇಷ್ಟ್ರನ್ನ ನೋಡಿ ಕಲೀಲಿ. ಎಲ್ಡು ಗಂಟು ಹಾಕ್ಯಾರೆ, ಮೂರನೇದು ಹಾಕಾಕೆ ಜಾಗ ಹುಡುಕ್ತಾರೆ.'

ಮಕ್ಕಳು ಗೊಳ್ಳೆಂದವು. ಮೇಷ್ಟ್ರೂ ನಕ್ಕು, 'ನಗ್ರಿ ನಗ್ರಿ, ನಾಳೆ ಟೆಸ್ಟ್ ಐತೆ' ಎಂದರು. ತೆಪ್ಪ ಹೊರಟಾಗ ಎರಡು ಗಂಟೆ ನಲವತ್ತು.

ಅಂದಿನ ನೀರನ್ನು ಮತ್ತೆ ನೋಡಿಲ್ಲ. ಕೆರೆ ಪ್ರತಿದಿನ ಅಲ್ಲೇ ಇರುತ್ತದೆ, ಅಂದಿನ ನೀರು ಮಾತ್ರ ಇರುವುದಿಲ್ಲ. ಅಲೆಯೆಂಬುದು ಇರಲಿಲ್ಲ. ಆಕಾಶ ಎಲ್ಲಿ ಮುಗಿದು ನೀರು ಎಲ್ಲಿ ಶುರುವಾಗುತ್ತದೆ ಎಂದು ಹೇಳಲಾಗದಂತೆ ಎರಡೂ ಒಂದೇ ಬೂದುಬಣ್ಣಕ್ಕೆ ತಿರುಗಿದ್ದವು. ತೆಪ್ಪ ನೀರಿನ ಮೇಲೆ ಹೋಗುತ್ತಿದೆಯೋ ಆಕಾಶದಲ್ಲಿ ತೇಲುತ್ತಿದೆಯೋ ತಿಳಿಯದೆ ಕಣ್ಣು ಮಂಪರಾಗುತ್ತಿತ್ತು. ಹುಟ್ಟು ಎದ್ದು ಬಿದ್ದ ಸದ್ದು ಒಂದು ಕ್ಷಣ ತಡವಾಗಿ ದಂಡೆಗೆ ಬರುತ್ತಿತ್ತು. ಸದ್ದು ಏಕೆ ತಡ ಎಂದು ಒಬ್ಬಳು ಕೇಳಿದಳು. ನಾನು ಅದನ್ನೇ ಹಿಡಿದು ಶಬ್ದದ ವೇಗದ ಪಾಠ ಶುರುಮಾಡಿದೆ. ಹುಟ್ಟು ಬಿದ್ದದ್ದು ಕಂಡ ತಕ್ಷಣ ಎಣಿಸಲು ತೊಡಗಿ, ಸದ್ದು ಕೇಳಿದಾಗ ನಿಲ್ಲಿಸಬೇಕು. ಹನ್ನೆರಡು ಮಕ್ಕಳೂ ಪಿಸುಮಾತಿನಲ್ಲಿ ಎಣಿಸುತ್ತಿದ್ದರು. ಅಷ್ಟು ಸುಖವಾಗಿ ನಾನು ಯಾವತ್ತೂ ಪಾಠ ಮಾಡಿರಲಿಲ್ಲ.

ನಮ್ಮ ಬೆನ್ನಿಗೆ ಗುಡ್ಡ. ಗುಡ್ಡದ ಆಚೆ, ಈಶಾನ್ಯಕ್ಕೆ, ಜಗಳೂರಿನ ದಿಕ್ಕು. ಅಲ್ಲಿಂದ ಮೋಡ ಬರುತ್ತಿದ್ದರೂ ನಮಗೆ ಕಾಣುವಂತಿರಲಿಲ್ಲ.

ಮೊದಲು ತಣ್ಣಗೆ ಕುತ್ತಿಗೆಗೆ ತಾಗಿತು. ಯಾರೋ ಹಿಂದಿನಿಂದ ಬಂದು ಒದ್ದೆ ಕೈ ಇಟ್ಟ ಹಾಗೆ. ಮಕ್ಕಳ ಪುಸ್ತಕದ ಹಾಳೆಗಳು ಒಮ್ಮೆಗೇ ತಿರುವಿಕೊಂಡವು. ಮೂರು ಇಪ್ಪತ್ತು ಎಂದು ನನಗೆ ಹೇಗೆ ಗೊತ್ತೆಂದರೆ, ಎಣಿಸಲು ಕೈಗಡಿಯಾರ ನೋಡುತ್ತಿದ್ದೆ. ಆಮೇಲೆ ಗುಡ್ಡವೇ ಉರುಳಿ ಬಂದಂಥ ಸದ್ದು. ನೀರಿನ ಬಣ್ಣ ದಂಡೆಯಿಂದ ನಡುವಿನತ್ತ ಓಡುತ್ತಾ ಕಪ್ಪಾಯಿತು. ಆ ಕಪ್ಪು ಹೋಗಿ ತೆಪ್ಪವನ್ನು ಮುಟ್ಟಿದ್ದನ್ನೂ, ದುಂಡನೆಯ ತೆಪ್ಪ ಬುಗುರಿಯಂತೆ ಎರಡು ಸುತ್ತು ತಿರುಗಿದ್ದನ್ನೂ ಕಂಡೆ. ಅಣ್ಣ ಎದ್ದು ನಿಂತು ಹುಟ್ಟು ಹಾಕುತ್ತಿದ್ದರು. ತೆಪ್ಪ ಮಾತ್ರ ನಮ್ಮಿಂದ ದೂರ ದೂರ ಹೋಗುತ್ತಿತ್ತು. ಆಮೇಲೆ ಮಳೆ ಬಂತು. ಮಳೆಯೆಂದರೆ ಬಿಳಿ ಗೋಡೆ. ಗೋಡೆಯ ಈಚೆ ನಾವು, ಆಚೆ ಅವರು.

ನಾನು ಮಕ್ಕಳನ್ನು ಎಣಿಸಿದೆ. ಹನ್ನೆರಡು. ಮತ್ತೆ ಎಣಿಸಿದೆ. ಹದಿಮೂರನೆಯವಳು ಎಲ್ಲಿ ಎಂದು ಗೊತ್ತಿದ್ದೂ ಮತ್ತೆ ಮತ್ತೆ ಎಣಿಸಿದೆ. ಮೇಷ್ಟ್ರ ಫೋನಿಗೆ ಕರೆ ಮಾಡಿದರೆ, ಚಂದಾದಾರರು ವ್ಯಾಪ್ತಿ ಪ್ರದೇಶದಲ್ಲಿಲ್ಲ ಎಂದು ಹೆಣ್ಣುದನಿ ಹೇಳುತ್ತಿತ್ತು. ಅದೇ ಮಾತನ್ನು ಎಷ್ಟು ಸಲ ಕೇಳಿಸಿಕೊಂಡೆನೋ.

ದಂಡೆಯ ಊರಿನವರು ಓಡಿ ಬಂದರು. ಹುಡುಗಿಯ ತಾಯಿಯೂ ಬಂದರು. ಅವರು ನನಗೆ ಬೈಯಲಿಲ್ಲ. ತೆಪ್ಪ ಹತ್ತುವಾಗ ಮಗಳು ಬಿಚ್ಚಿ ನನ್ನ ಕೈಗೆ ಕೊಟ್ಟಿದ್ದ ಚಪ್ಪಲಿಗಳನ್ನು ತೆಗೆದುಕೊಂಡು ಸೆರಗಿನಲ್ಲಿ ಒರೆಸುತ್ತಾ ನಿಂತರು. ಮಳೆ ಸುರಿಯುತ್ತಿತ್ತು, ಒರೆಸಿದಷ್ಟೂ ಚಪ್ಪಲಿ ನೆನೆಯುತ್ತಿದ್ದವು, ಅವರು ಒರೆಸುತ್ತಲೇ ಇದ್ದರು.

ಐದಕ್ಕೆ ಹತ್ತು ನಿಮಿಷವಿದ್ದಾಗ ಪಡುವಣ ದಂಡೆಯಿಂದ ಯಾರದೋ ಫೋನಿಗೆ ಕರೆ ಬಂತು. ಸಿಕ್ಕಿದ್ದಾರೆ. ಮೂವರೂ.

ಬೈಕಿನ ಹಿಂದೆ ಕೂತು ಕೆರೆ ಸುತ್ತಿ ಹೋದೆ. ಅಲ್ಲಿ ದಂಡೆಯ ಜಾಲಿಮರಗಳು ಅರ್ಧ ನೀರಿನಲ್ಲಿ ಮುಳುಗಿದ್ದವು. ಅವುಗಳ ನಡುವೆ ತೆಪ್ಪ ನಿಂತಿತ್ತು. ಮೇಷ್ಟ್ರು ಒಂದು ಭುಜ ಹಿಡಿದುಕೊಂಡು ದಂಡೆಯಲ್ಲಿ ಕೂತಿದ್ದರು. ಹುಡುಗಿ ಯಾರದೋ ಕಂಬಳಿಯೊಳಗೆ ನಡುಗುತ್ತಿದ್ದಳು. ಅಣ್ಣ ಈಗ ಜಾಕೆಟ್ ಹಾಕಿಕೊಂಡಿದ್ದರು.

'ಹಗ್ಗ ಉಳಿಸ್ತು ಟೀಚರಮ್ಮ' ಎಂದರು. 'ನಿಮ್ಮ ಆ ಕಬ್ಬಿಣದ ಕೊಳವಿ ಹಗ್ಗ. ಮ್ಯಾಲಕ್ಕೆ ಎಳ್ಕಳಾಕೆ ಟೈಮೇ ಸಿಗ್ಲಿಲ್ಲ, ಹಂಗೆ ಬಿಟ್ವಿ. ಕಲ್ಲು ಹೋಗಿ ಜಾಲಿ ಬುಡಕ್ಕೆ ಸಿಗಾಕ್ಕಂತು. ಇಲ್ದಿದ್ರೆ ಅಲ್ಲಿ ಬಂಡೆಗಲ್ಲು ಅದಾವೆ ನೋಡ್ರಿ, ಅದಕ್ಕೆ ಹೋಗಿ ಬಡ್ಕಂತಿದ್ವಿ.'

'ನೀರು ತುಂಬ್ತಿತ್ತು ಮಿಸ್' ಎಂದಳು ಹುಡುಗಿ, ಹಲ್ಲು ಕಟಕಟ ಎನ್ನುತ್ತಿರುವಾಗಲೇ. 'ಸಾರ್ ಟಿಫಿನ್ ಡಬ್ಬಿಯಿಂದ ಎತ್ತಿ ಎತ್ತಿ ಹಾಕಿದ್ವಿ. ಅದ್ರಾಗೆ ಇನ್ನಾ ಚಿತ್ರಾನ್ನ ಇತ್ತು.'

ಮೇಷ್ಟ್ರು ನಗಲು ಹೋಗಿ ಭುಜದ ನೋವಿಗೆ ಮುಖ ಕಿವುಚಿದರು. ಆಮೇಲೆ ನನ್ನನ್ನು ನೋಡಿ, 'ಒಂದು ಸುಳಿವೂ ಇರ್ಲಿಲ್ವಲ್ರೀ ಮೇಡಂ' ಎಂದರು. ಅವರ ಫೋನು ಕೆರೆಯ ತಳದಲ್ಲಿತ್ತು.

ನಾನು ಅವರ ಭುಜಕ್ಕೆ ಕಟ್ಟಲು ಬಟ್ಟೆ ಹುಡುಕತೊಡಗಿದೆ.

ಆ ಸಂಜೆ ಬಸ್ಸಿನಲ್ಲಿ ಕೂತು ಗುಂಪನ್ನು ತೆರೆದೆ. ನನ್ನ ಸಾಲು ಅಲ್ಲೇ ಇತ್ತು, ನಗುವ ಮುಖದ ಸಮೇತ. ಬೆರಳು ಅದರ ಮೇಲೆ ಒತ್ತಿ ಹಿಡಿಯಿತು. 'ಎಲ್ಲರಿಗೂ ಅಳಿಸು' ಎಂಬುದನ್ನು ಒತ್ತಿತು. ಬೆರಳು ಎಂದು ಬರೆಯುತ್ತಿದ್ದೇನೆ, ಒತ್ತಿದವಳು ನಾನೇ. ಈಗ ಪರದೆಯ ಮೇಲೆ ಉಳಿದದ್ದು ಜಗಳೂರಿನ ಹುಡುಗಿಯ ಪ್ರಶ್ನೆ, ಅದರ ಕೆಳಗೆ ಅಳಿಸಿದ ಗುರುತು, ಅದರ ಕೆಳಗೆ 'ಆಯ್ತು ಮಿಸ್'. ಯಾರೂ ಏನೂ ಹೇಳದಿದ್ದರೂ ಒಪ್ಪಿಕೊಂಡಂತೆ ಆ ಮಾತು ಒಂಟಿಯಾಗಿ ನಿಂತಿತ್ತು.

ನಿದ್ದೆ ಕೆಟ್ಟದ್ದು ಅಂದಿನಿಂದ. ಕಣ್ಣು ಮುಚ್ಚಿದರೆ ಬೂದು ನೀರು ಬರುತ್ತಿತ್ತು, ಹುಟ್ಟಿನ ಸದ್ದು ಬರುತ್ತಿತ್ತು. ಹುಟ್ಟು ಬಿದ್ದದ್ದಕ್ಕೂ ಸದ್ದು ಬಂದದ್ದಕ್ಕೂ ನಡುವೆ ನಾನು ಎಣಿಸುತ್ತಿದ್ದೆ. ಒಂದು, ಎರಡು, ಮೂರು. ಸದ್ದು ಬರುತ್ತಿರಲಿಲ್ಲ. ನೂರು ದಾಟಿದರೂ ಬರುತ್ತಿರಲಿಲ್ಲ. ಒಮ್ಮೊಮ್ಮೆ ಕೆರೆ ಬತ್ತಿ ಮೆಕ್ಕೆಜೋಳ ಒಣಹಾಕಿದ ರಸ್ತೆಯಾಗುತ್ತಿತ್ತು. ತೆಪ್ಪ ಆ ಹಳದಿ ಕಾಳಿನ ಮೇಲೆ ತೇಲಿಕೊಂಡು ಹೋಗುತ್ತಿತ್ತು, ನಾನು ಕೂಗಿದರೆ ಬಾಯಿಂದ ಅಂಕಿಗಳು ಬರುತ್ತಿದ್ದವು. ಎದ್ದು ದೀಪ ಹಾಕಿ ಕೂರುತ್ತಿದ್ದೆ. ಅರವತ್ತೆಂಟು ನಿಮಿಷ. ಎರಡು ಹನ್ನೆರಡರಿಂದ ಮೂರು ಇಪ್ಪತ್ತಕ್ಕೆ ಅರವತ್ತೆಂಟು. ತೆಪ್ಪ ಹೊರಡುವ ಮುಂಚೆಯೇ ನನ್ನ ಕೈಯಲ್ಲಿ ಇಪ್ಪತ್ತೆಂಟು ನಿಮಿಷವಿತ್ತು. ಒಂದು ಮಾತು ಸಾಕಿತ್ತು: ಇವತ್ತು ಬೇಡ.

'ಏನವ್ವಾ, ರಾತ್ರಿಯೆಲ್ಲ ಲೈಟು ಉರಸ್ತೀಯಾ, ಪರೀಕ್ಷಿ ಕಟ್ಟೀಯೇನು?' ಎಂದು ಕೆಳಮನೆಯ ದೊಡ್ಡಮ್ಮ ಕೇಳಿದರು. ಆ ಮನೆ ಅವರದೇ.

'ಹಂಗೇ ದೊಡ್ಡಮ್ಮಾ, ಓದೋದಿತ್ತು.'

'ಎಮ್ಮೆಸ್ಸಿ ಆದ ಮ್ಯಾಲೂ ಓದಾದೈತಾ? ನಮ್ಮ ಮೊಮ್ಮಗಂಗೆ ಹೇಳಬ್ಯಾಡ, ಶಾಲಿ ಬಿಟ್ಟೇ ಬಿಡ್ತಾನೆ.'

ಮೂರನೆಯ ವಾರ ಹೊನ್ನಾಳಿಯಲ್ಲಿ ನಾಲ್ಕೂ ಶಾಲೆಯ ಹೆಡ್‌ಮಾಸ್ಟರುಗಳ ಸಭೆ. ಮೂವರೂ ಕ್ಷೇಮವಾಗಿದ್ದರು, ಮೇಷ್ಟ್ರ ಭುಜಕ್ಕೆ ಪಟ್ಟಿ ಇತ್ತು ಅಷ್ಟೆ. ಆದರೂ ಕೇಳಬೇಕಾದದ್ದನ್ನು ಕೇಳಲೇಬೇಕಿತ್ತು. ಮುನ್ಸೂಚನೆ ಇರಲಿಲ್ಲವೇ? ಒಬ್ಬರು ತಮ್ಮ ಫೋನಿನಲ್ಲಿ ಗುಂಪನ್ನು ಹಿಂದಕ್ಕೆ ಸರಿಸುತ್ತಾ ಹೋಗಿ ನಿಂತರು.

'ಇಲ್ಲಿ ನೋಡ್ರಿ. ಜಗಳೂರಿನ ಹುಡುಗಿ ಗಾಳಿ ಐವತ್ತೆಂಟು ಅಂತ ಹಾಕ್ಯಾಳೆ. ಆಮೇಲೆ ಏನೋ ಅಳಿಸ್ಯಾರೆ. ಆಮೇಲೆ ಆಯ್ತು ಮಿಸ್ ಅಂದಾಳೆ. ಕಂಪ್ಯೂಟರ್‌ನಾಗೆ ಆ ಅಂಕಿನೇ ಇಲ್ಲ.'

'ಅವಳೇ ಹೊಡ್ದು ಹಾಕ್ಯಾಳೆ ಅನ್ಸತೈತೆ' ಎಂದರು ಇನ್ನೊಬ್ಬರು. 'ಹುಡುಗರ ಕೈಯಾಗೆ ಇಂಥಾವು ಕೊಟ್ರೆ ಹಿಂಗೇ ಆಗಾದು.'

ಜಗಳೂರಿನ ಹೆಡ್‌ಮಾಸ್ಟರು ತಲೆ ತಗ್ಗಿಸಿದರು. 'ಆ ಹುಡುಗಿ ಕೈಯಿಂದ ಪುಸ್ತಕ ಇಸ್ಕಂತೀನಿ. ಡಬ್ಬಿನೂ ಇಳಿಸ್ಬಿಡಾಣ. ಸುಮ್ನೆ ಯಾಕೆ ತೊಂದ್ರೆ?'

ಅಳಿಸಿದ್ದು ಏನು ಎಂದು ಒಬ್ಬರಾದರೂ ನನ್ನ ಕಡೆ ತಿರುಗಿ ಕೇಳಬೇಕಿತ್ತು. ಯಾರೂ ಕೇಳಲಿಲ್ಲ. ಕಾಫಿ ಬಂತು. ಕೇಳಿದರೆ ಹೇಳುತ್ತೇನೆ ಎಂದು ನಾನು ಕಾಯುತ್ತಾ ಕೂತೆ. ಕಿಟಕಿಯ ಆಚೆ ತುಂಗಭದ್ರೆ ಏನೂ ಅರಿಯದವಳಂತೆ ನಿಧಾನವಾಗಿ ಹರಿಯುತ್ತಿದ್ದಳು. ಸಭೆ ಮುಗಿಯಿತು. ಹದಿನಾಲ್ಕು ವರ್ಷದ ಹುಡುಗಿಯ ಮೇಲೆ ತಪ್ಪು ಬಿದ್ದಿತ್ತು. ಮುಂದಿನ ಗುರುವಾರ ಡಬ್ಬಿ ಇಳಿಸುವುದೆಂದು ತೀರ್ಮಾನವಾಯಿತು; ಇಳಿಸುವ ಕೆಲಸ ನನ್ನದೇ.

ಆ ಗುರುವಾರ ಬೆಳಿಗ್ಗೆ ಚನ್ನಗಿರಿಯಿಂದ ದಾವಣಗೆರೆಗೆ, ಅಲ್ಲಿಂದ ಜಗಳೂರಿಗೆ ಬಸ್ಸು ಹಿಡಿದೆ. ಕೆರೆ, ಗದ್ದೆ, ತೋಟದ ಹಸಿರು ಹಿಂದಾಗಿ ಕೆಂಪು ನೆಲ ಶುರುವಾಯಿತು. ದೂರದ ದಿಬ್ಬಗಳ ಮೇಲೆ ಗಾಳಿಯಂತ್ರಗಳ ಉದ್ದನೆಯ ರೆಕ್ಕೆಗಳು ನಿದ್ದೆಗಣ್ಣಿನಲ್ಲಿ ತಿರುಗುತ್ತಿದ್ದವು. ಅಷ್ಟು ದೊಡ್ಡ ರೆಕ್ಕೆಗಳನ್ನು ಯಾವ ಹುಡುಗನೂ ದಂಟಿನಿಂದ ತಿರುಗಿಸಲಾರ ಎಂಬ ಯೋಚನೆ ಬಂತು. ಅಂದು ಕೂಡ ಅವು ತಿರುಗಿರಬೇಕು, ಜೋರಾಗಿ, ಎಲ್ಲರಿಗೂ ಕಾಣುವಂತೆ.

ಶಾಲೆ ಮುಟ್ಟಿದಾಗ ಊಟದ ಬಿಡುವು. ಹುಡುಗಿ ನನ್ನನ್ನು ಕಂಡು ಎದ್ದು ಬಂದಳು. ಉದ್ದ ಪುಸ್ತಕವನ್ನು ಹೆಡ್‌ಮಾಸ್ಟರು ಆಗಲೇ ಇಸಿದುಕೊಂಡಿದ್ದರು.

'ಡಬ್ಬಿ ತಗಂಡು ಹೋಗಾಕೆ ಬಂದ್ರಾ ಮಿಸ್?' ಎಂದಳು. ಆಮೇಲೆ ತಲೆ ಬಗ್ಗಿಸಿ, 'ನನ್ನಿಂದ ತಪ್ಪಾತು' ಎಂದಳು.

'ಏನು ತಪ್ಪಾಯ್ತು?'

'ಆ ಅಂಕಿ ಹೊಡ್ದು ಹಾಕಬಾರ್ದಿತ್ತು.'

'ಹೊಡೆದು ಹಾಕು ಅಂದೋಳು ನಾನಲ್ವಾ?'

ಅವಳು ಸುತ್ತ ನೋಡಿದಳು, ಯಾರಾದರೂ ಕೇಳಿಸಿಕೊಂಡಾರು ಎಂಬಂತೆ. 'ಅದು ಅಳಿಸಿಬಿಟ್ಟೀರಲ್ಲ ಮಿಸ್' ಎಂದಳು ಮೆಲ್ಲಗೆ. 'ನಾನು ಯಾರಿಗೂ ಹೇಳಿಲ್ಲ.'

ನನ್ನನ್ನು ಉಳಿಸಲು ಸಭೆಯಾದಂದಿನಿಂದ ಅವಳು ಬೈಗುಳ ತಿಂದಿದ್ದಳು. ಜಗಲಿಯ ಮೇಲೆ ಕೂತೆ. ಅವಳೂ ಪಕ್ಕ ಕೂತಳು.

'ಅವತ್ತು ಮೇಲೆ ಯಾರು ತಿರುಗಿಸ್ತಿದ್ರು?' ಎಂದು ಕೇಳಿದೆ.

'ಯಾರೂ ಇಲ್ಲ ಮಿಸ್. ನಾನು ಹೊರಗೆ ಹೋಗಿ ನೋಡ್ದೆ. ಧೂಳು ಅಂದ್ರೆ ಧೂಳು. ರಸ್ತೆ ಮ್ಯಾಲೆ ಹಾಕಿದ್ದ ಜೋಳದ ಮ್ಯಾಲಿನ ತಾಡಪಾಲು ಹಾರಿ ನಮ್ಮ ಗೇಟಿಗೆ ಬಂದು ಬಡೀತು. ಕಣ್ಣು ಬಿಡಾಕೆ ಆಗ್ಲಿಲ್ಲ.'

'ಮತ್ತೆ ಯಾಕೆ ಹೊಡೆದು ಹಾಕಿದೆ?'

'ನಿಯಮ ಐತಲ್ಲ' ಎಂದಳು. ಉಗುರಿನಿಂದ ಜಗಲಿ ಕೆರೆಯುತ್ತಾ, 'ನೀವು ಓದಿದೋರು. ನನಗೆ ಕಂಡಿದ್ದೇ ಸುಳ್ಳಿರಬೌದು ಅಂದ್ಕಂಡೆ' ಎಂದಳು.

ಕಣ್ಣಿನಲ್ಲಿ ಧೂಳು ತುಂಬಿಕೊಂಡು ಒಳಗೆ ಬಂದು, ಕಣ್ಣು ಉಜ್ಜಿಕೊಳ್ಳುತ್ತಾ, ಗಾಳಿ ಇಲ್ಲವೆಂದು ಕೆಂಪು ಗೆರೆ ಎಳೆದಿದ್ದಳು. ವಿಜ್ಞಾನ ಕಲಿಸಲು ಹೋದ ನಾನು ಅವಳಿಗೆ ಕಲಿಸಿದ್ದು ಅದನ್ನು.

ಹೆಡ್‌ಮಾಸ್ಟರ ಕೋಣೆಗೆ ಹೋಗಿ ಮೊದಲು ಅವರಿಗೆ ಹೇಳಿದೆ. ಅವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. 'ಆವತ್ತು ಸಭೇಲಿ ಯಾಕೆ ಹೇಳ್ಲಿಲ್ರೀ?' ಎಂದರು.

'ಧೈರ್ಯ ಆಗ್ಲಿಲ್ಲ ಸಾರ್.'

'ಆ ಹುಡುಗಿಗೆ ನಾನು ಎಲ್ಲರ ಮುಂದೆ ಬೈದೀನಿ.'

'ಹಂಗಾದ್ರೆ ಎಲ್ಲರ ಮುಂದೆನೇ ಹೇಳ್ತೀನಿ.'

ತರಗತಿಯಲ್ಲಿ ನಿಂತು ಹೇಳಿದೆ. ನಾಲ್ಕೇ ವಾಕ್ಯ. ಅದನ್ನೇ ಗುಂಪಿನಲ್ಲೂ ಬರೆದೆ: 'ಆ ದಿನ ಎರಡು ಹನ್ನೆರಡಕ್ಕೆ ಜಗಳೂರಿನಿಂದ ಬಂದ ಅಂಕಿ ನಿಜ. ಅದನ್ನು ಹೊಡೆದು ಹಾಕಲು ಹೇಳಿದವಳು ನಾನು. ಆಮೇಲೆ ನನ್ನ ಮಾತನ್ನು ಅಳಿಸಿದವಳೂ ನಾನು. ಹುಡುಗಿಯ ತಪ್ಪಿಲ್ಲ.' ಹಿಂದಿನ ಬೆಂಚಿನಿಂದ, ದಂಟಿನ ಗುಂಪಿನ ಮುಂದಾಳು ಎಂದು ಹೆಸರಾಗಿದ್ದ ಹುಡುಗ ಎದ್ದು ನಿಂತ.

'ಮಿಸ್, ನಾವು ಮೊದ್ಲೇ ಹಂಗೆ ತಿರುಗಿಸ್ದಿದ್ರೆ ನೀವು ನಂಬ್ತಿದ್ರಿ ಅಲ್ವಾ?'

'ನಂಬ್ತಿದ್ದೆ ಅನ್ಸುತ್ತೆ.'

'ಹಂಗಾರೆ ಅರ್ಧ ತಪ್ಪು ನಮ್ದು' ಎಂದು ಕೂತ. ಪಕ್ಕದವನು, 'ನಂದ್ಯಾಕೆ ಸೇರಿಸ್ತೀಯಲೇ' ಎಂದು ತಿವಿದ. ತರಗತಿ ನಕ್ಕಿತು. ಮೂರು ವಾರದಲ್ಲಿ ಮೊದಲ ಸಲ ನನ್ನ ಎದೆಯೊಳಗೆ ಗಾಳಿ ಪೂರ್ತಿ ಇಳಿಯಿತು.

ಹೆಡ್‌ಮಾಸ್ಟರು ಉದ್ದ ಪುಸ್ತಕ ತರಿಸಿದರು. ಕಂಪ್ಯೂಟರಿನಲ್ಲಿ ಆ ಅಂಕಿ ಹೋಗಿತ್ತು. ಆದರೆ ಪುಸ್ತಕದಲ್ಲಿ, ಒಂದೇ ಕೆಂಪು ಗೆರೆಯ ಕೆಳಗೆ, ನೀಲಿ ಶಾಯಿಯ 58 ಸ್ಪಷ್ಟವಾಗಿತ್ತು. ಪಕ್ಕದಲ್ಲಿ ಹೊತ್ತು. ಅದರ ಪಕ್ಕದಲ್ಲಿ, ಯಾರೂ ಕೇಳದಿದ್ದರೂ, ಸಣ್ಣ ಅಕ್ಷರದಲ್ಲಿ ಅವಳು ಬರೆದಿದ್ದಳು: 'ತಾಡಪಾಲು ಹಾರಿತು.'

ಕೆರೆಯಿಂದ ಎತ್ತಿದ ಹಗ್ಗದ ಕೊಳವೆಗಳು ನನ್ನ ಚೀಲದಲ್ಲಿದ್ದವು. ಅವನ್ನು ತೆರೆದು ನೋಡಲು ನನಗೆ ಮನಸ್ಸೇ ಆಗಿರಲಿಲ್ಲ. ಅಂದು ಆ ಹುಡುಗಿಯ ಎದುರಿನಲ್ಲೇ ಲ್ಯಾಪ್‌ಟಾಪಿಗೆ ಸಿಕ್ಕಿಸಿದೆ. ನೀರು ಎಲ್ಲವನ್ನೂ ನೆನಪಿಟ್ಟುಕೊಂಡಿತ್ತು. ಮೇಲಿನದು ಬೆಚ್ಚಗೆ, ಕೆಳಗಿನದು ತಣ್ಣಗೆ, ಗೆರೆಗಳು ಬೇರೆ ಬೇರೆಯಾಗಿ ಮಲಗಿದ್ದವು. ಮೂರು ಇಪ್ಪತ್ತರ ನಂತರ ಒಂದೊಂದಾಗಿ ಎದ್ದು, ಒಂದರ ಕಡೆಗೊಂದು ಬಾಗಿ, ಕೊನೆಗೆ ಎಲ್ಲವೂ ಸೇರಿ ಒಂದೇ ಗೆರೆಯಾಗಿದ್ದವು. ಗಾಳಿ ಕೆರೆಯನ್ನು ತಳದವರೆಗೆ ಕಲಕಿತ್ತು.

'ಹುಳಿ ಸೌಟಿನಿಂದ ತಿರುವಿದಂಗೆ' ಎಂದಳು.

ಬೋರ್ಡಿನ ಮೇಲೆ ನಾಲ್ಕೂ ಊರನ್ನು ಬರೆದೆವು. ಜಗಳೂರು, ಎರಡು ಹನ್ನೆರಡು. ಸೂಳೆಕೆರೆ, ಮೂರು ಇಪ್ಪತ್ತು. ಹೊನ್ನಾಳಿಯವರಿಗೆ ಫೋನು ಮಾಡಿದರೆ, 'ಶಾಲೆ ಬಿಡೋ ಮುಂಚೆ ಬಂತು, ಸೈಕಲ್ಲೆಲ್ಲ ಬಿದ್ವು' ಎಂದು ಹೇಳಿ ಪುಸ್ತಕದಿಂದ ಹೊತ್ತು ಓದಿದರು. ಅವರದಾದ ಸ್ವಲ್ಪ ಹೊತ್ತಿಗೆ ನ್ಯಾಮತಿ. ಸೀಮೆಸುಣ್ಣದ ಗೆರೆಯೊಂದು ಊರಿಂದೂರಿಗೆ ನಡೆದು ಹೋಯಿತು. ನಾನು ಮೂರು ವಾರ ಕಣ್ಣು ಮುಚ್ಚಿ ನೋಡಿದ ಗಾಳಿಗೆ ಮುಖವಿರಲಿಲ್ಲ, ದಾರಿಯಿರಲಿಲ್ಲ. ಇದಕ್ಕೆ ದಾರಿ ಇತ್ತು. ಎಲ್ಲಿಂದ ಹೊರಟು ಎಲ್ಲಿಗೆ ಹೋಯಿತೆಂದು ಬೆರಳಿಟ್ಟು ತೋರಿಸಬಹುದಿತ್ತು.

'ಮಿಸ್, ಇನ್ನು ಮ್ಯಾಲೆ ಹಿಂಗೆ ಬಂದ್ರೆ ನಾನು ಗುಂಪಿನಾಗೆ ಹಾಕಲ್ಲ' ಎಂದಳು ಹುಡುಗಿ. 'ಕೆರಿ ಶಾಲಿಗೆ ಫೋನೇ ಮಾಡ್ತೀನಿ.'

ಪುಸ್ತಕದಲ್ಲಿ ಅವಳೇ ಅಡಿಪಟ್ಟಿ ಇಟ್ಟು ಒಂದು ಹೊಸ ಕಾಲಂ ಎಳೆದಳು. ತಲೆಯ ಮೇಲೆ ಬರೆದಳು: 'ಹೊರಗೆ ಹೋಗಿ ನೋಡಿದವರು.'

ಡಬ್ಬಿಯನ್ನು ನಾನು ಇಳಿಸಲಿಲ್ಲ. ಇಳಿಸು ಎಂದು ಹೆಡ್‌ಮಾಸ್ಟರೂ ಹೇಳಲಿಲ್ಲ. ಬಸ್ ಸ್ಟ್ಯಾಂಡಿನವರೆಗೆ ಬಂದು, 'ಮುಂದಿನ ಸಭೇಲಿ ನೀವೇ ಮೊದ್ಲು ಮಾತಾಡ್ರಿ' ಎಂದರು. ಬಸ್ಸಿನಲ್ಲಿ ಚನ್ನಗಿರಿಯ ಮೇಷ್ಟ್ರ ಹೊಸ ಫೋನಿನಿಂದ ಒಂದು ಸಂದೇಶ ಬಂತು: 'ಓದಿದೆ. ಭುಜ ಇನ್ನೂ ನೋಯ್ತಿದೆ. ನಾಳೆ ಬನ್ನಿ, ಬೈಯೋದಿದೆ. ಆಮೇಲೆ ಟೀ ಕುಡಿಯೋಣ.'

ಮನೆ ಮುಟ್ಟಿದಾಗ ಕತ್ತಲಾಗಿತ್ತು. ಊಟ ಮಾಡಿದ್ದು ನೆನಪಿದೆ, ಚಾಪೆ ಹಾಸಿದ್ದು ನೆನಪಿದೆ. ಕಣ್ಣು ಮುಚ್ಚಿದಾಗ ಬೂದು ನೀರು ಬಂತು, ತೆಪ್ಪ ಬಂತು. ಹುಟ್ಟು ಎದ್ದು ಬಿತ್ತು. ನಾನು ಎಣಿಸಲು ಶುರುಮಾಡಿದೆ. ಒಂದು ಎನ್ನುವಷ್ಟರಲ್ಲಿ ಸದ್ದು ಬಂತು.

ಎಚ್ಚರವಾದಾಗ ಗೋಡೆಯ ಮೇಲೆ ಬಿಸಿಲಿತ್ತು. ಶುಕ್ರವಾರ. ಅಂಗಳದಲ್ಲಿ ದೊಡ್ಡಮ್ಮ, 'ಓದಿದ್ದು ಮುಗೀತೇನವ್ವಾ? ರಾತ್ರಿ ಲೈಟೇ ಕಾಣ್ಲಿಲ್ಲ' ಎಂದು ಕೂಗಿದರು. ಫೋನು ತೆಗೆದು ನೋಡಿದೆ. ನಾಲ್ಕು ಊರುಗಳೂ ಸಮನಾಗಿ ಉಸಿರಾಡುತ್ತಿದ್ದವು. ಅದರ ಕೆಳಗೆ ಜಗಳೂರಿನಿಂದ ಪುಸ್ತಕದ ಪುಟದ ಫೋಟೋ, ಹೊಸ ಕಾಲಮಿನಲ್ಲಿ ಮೊದಲ ಸಾಲು:

'ಬೆಳಿಗ್ಗೆ ಏಳು ಗಂಟೆ. ಗಾಳಿ 3. ಜಾಲಿ ಎಲೆ ಅಲ್ಲಾಡ್ತಿಲ್ಲ. ನಾನೇ ನೋಡಿದೆ.'